ಬಾಡಿಗೆಯವರ ಕಾಲು, ನಮ್ಮತ್ತೆಯ ಹರಕೆ

ಹನೂರಿನ ಬಸ್ಸು ಹತ್ತಿದಾಗಲೆಲ್ಲ ನನ್ನನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಕ್ಕ, ನಿಮ್ಮ ನಡ್ಗೆಯಮ್ಮ ಎಲ್ಲಿ, ಕಾಣೋದೇ ಇಲ್ವಲ್ಲ?” ಒಮ್ಮೆ ಕಂಡಕ್ಟರ್ ಕೇಳುತ್ತಾನೆ, ಒಮ್ಮೆ ಮಧುವನಹಳ್ಳಿಯಲ್ಲಿ ಹತ್ತುವ ಹೂವಿನ ಹೆಂಗಸು, ಒಮ್ಮೆ ನನಗೆ ಗುರುತೇ ಇಲ್ಲದ ಯಾರೋ. ಊರಿಗೆ ಹೋದರು ಎನ್ನುತ್ತೇನೆ. ಯಾವ ಊರು ಎಂದು ಯಾರಿಗೂ ಬೇಕಾಗಿಲ್ಲ. ಅಲ್ಲಿಗೆ ಎಷ್ಟು ದಿನದ ನಡಿಗೆ ಎಂದು ಮಾತ್ರ ಒಬ್ಬರು ಕೇಳಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯವರಿಗೆ ಯಾರೆಂದು ತಿಳಿಯದು. ಕೊಳ್ಳೇಗಾಲದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದೂವರೆ ವರ್ಷ ಬಾಡಿಗೆಗಿದ್ದರು, ಅಷ್ಟು ದಿನದಲ್ಲಿ ಆ ಹೆಸರನ್ನು ಸರಿಯಾಗಿ ಹೇಳಿದವರು ಒಬ್ಬರೂ ಇಲ್ಲ, ನಾನೂ ಸೇರಿದಂತೆ. ಯುರೋಪಿನ ಒಂದು ಬೆಟ್ಟದ ನಾಡಿನವರು. ವಯಸ್ಸು ಐವತ್ತೆಂಟು, ಅಂದರೆ ನನಗಿಂತ ಆರು ವರ್ಷ ದೊಡ್ಡವರು. ಯಳಂದೂರಿನ ಕಡೆ ನರ್ಸುಗಳಿಗೆ ಪಾಠ ಹೇಳಲು ಬಂದಿದ್ದರು. ಅದಕ್ಕೆ ಮೊದಲು ಐದಾರು ದೇಶಗಳಲ್ಲಿ ಹೀಗೆಯೇ ಒಂದೊಂದು ವರ್ಷ ಇದ್ದು, ಅಲ್ಲಿನ ದಾರಿಗಳನ್ನೆಲ್ಲ ತುಳಿದು ಬಂದವರಂತೆ. ಬೀದಿಯ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಾರೆಂದು ಅವರೂ ಅಕ್ಕ ಎಂದೇ ಕರೆದರು. ನಮ್ಮ ಮನೆಯವರು ತಮ್ಮ ತಾಯಿಯನ್ನು ಅವ್ವ ಎನ್ನುತ್ತಾರೆಂದು ಅವರಿಗೂ ನಮ್ಮತ್ತೆ ಅವ್ವನೇ ಆದರು.

ಬಂದ ದಿನ ಆಟೋದಿಂದ ಇಳಿದದ್ದು ಒಂದು ಬೆನ್ನಿಗೆ ಹಾಕುವ ಚೀಲ ಮತ್ತು ಮೂರು ಜೊತೆ ಬೂಟು. ಬೂಟುಗಳನ್ನು ದಾರದಲ್ಲಿ ಕಟ್ಟಿ, ಕೋಳಿ ಹಿಡಿದು ತರುವ ಹಾಗೆ ಕೈಯಲ್ಲಿ ಇಳಿಬಿಟ್ಟುಕೊಂಡಿದ್ದರು. ಸಹಾಯ ಮಾಡುವ ನೆವದಲ್ಲಿ ಮಹಡಿ ಹತ್ತಿ ಎಲ್ಲ ನೋಡಿಕೊಂಡು ಬಂದ ನಮ್ಮತ್ತೆ ಅಡುಗೆಮನೆಗೆ ಬಂದು ವರದಿ ಒಪ್ಪಿಸಿದರು. “ಉಡಕೆ ಎರಡು ಜೊತೆ, ಮೆಟ್ಟಕೆ ಮೂರು ಜೊತೆ. ಇದ್ಯಾವ ಸೀಮೆ ಎಂಗ್ಸು ಕಣವ್ವ?”

ಆ ಬೂಟುಗಳಿಗೆ ಭಾನುವಾರ ಸಂಜೆ ಎಣ್ಣೆಸ್ನಾನದಷ್ಟೇ ವೈಭವ. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ಒಳಗೆ ಹಳೆಯ ಪೇಪರು ತುರುಕಿ, ತಾರಸಿಯ ಮೇಲೆ ಸಾಲಾಗಿ ಒಣಗಲು ಇಡುತ್ತಿದ್ದರು. ಒಂದು ಬದಿಗೆ ನನ್ನ ಸಂಡಿಗೆ, ಇನ್ನೊಂದು ಬದಿಗೆ ಅವರ ಬೂಟು. ಆ ಬೇಸಿಗೆಯಲ್ಲಿ ಸಂಡಿಗೆಗೆ ಒಂದು ಕಾಗೆಯೂ ಬಾಯಿ ಹಾಕಲಿಲ್ಲ. ಬೂಟು ಕಂಡರೆ ಕಾಗೆಗೆ ಭಯ ಎಂದು ನಾನು, ವಾಸನೆಗೆ ಓಡಿಹೋಗಿವೆ ಎಂದು ನಮ್ಮ ಮನೆಯವರು.

ಕನ್ನಡವನ್ನು ಅವರು ಕಲಿತದ್ದು ನಮ್ಮತ್ತೆಯ ಹತ್ತಿರ. ಪುಸ್ತಕ ಹಿಡಿದು ಕಲಿಸೋಣ ಎಂದು ನಾನು ಕೂತೆ. ಅವರು ‘ಇದು ಮರ, ಅದು ಮನೆ’ ಎಂದು ಎರಡು ದಿನ ಹೇಳಿ, ಮೂರನೆಯ ದಿನದಿಂದ ಅತ್ತೆಯ ಜೊತೆ ಅವರೆಕಾಯಿ ಬಿಡಿಸಲು ಕೂತರು. ಆರು ತಿಂಗಳಿಗೆ ಮಾತು ಬಂತು, ಎಲ್ಲವೂ ಎಂಬತ್ತೆರಡು ವರ್ಷದ ಮುದುಕಿಯ ಮಾತು. ವಿದೇಶದವರು ಬಾಡಿಗೆಗಿದ್ದರೆ ಪೊಲೀಸ್ ಠಾಣೆಗೆ ತಿಳಿಸಿ ಕಾಗದ ಮಾಡಿಸಬೇಕಲ್ಲ, ಅದಕ್ಕೆಂದು ಒಮ್ಮೆ ನಾವಿಬ್ಬರೂ ಹೋಗಿದ್ದೆವು. ಕೆಲಸ ಮುಗಿದ ಮೇಲೆ ಇವರು ಎದ್ದು, ಅಲ್ಲಿದ್ದ ಅಧಿಕಾರಿಗೆ ಕೈ ಮುಗಿದು, ತುಂಬ ಗೌರವದಿಂದ, “ಓಯ್ತೀನಿ ಕಣ್ಲಾ” ಎಂದುಬಿಟ್ಟರು. ನಾನು ಅವರ ತೋಳು ಹಿಡಿದು ಬಾಗಿಲ ಕಡೆ ಎಳೆದೆ. ಆ ಅಧಿಕಾರಿ ತಲೆಯನ್ನೂ ಎತ್ತದೆ, “ಊಂ, ಉಸಾರಾಗಿ ಓಗವ್ವ” ಎಂದರು. ಆಮೇಲೆ ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ನಾವು ಮೆಟ್ಟಿಲಿಳಿದಿದ್ದೆವು.

ಶುಕ್ರವಾರ ಸಂಜೆ ಅವರ ಕೋಣೆಯ ನೆಲದ ಮೇಲೆ ನಕ್ಷೆ ಹಾಸಿರುತ್ತಿತ್ತು. ಅದರ ಮೇಲೆ ಮಂಡಿಯೂರಿ ಕೂತು ನಮ್ಮ ಮನೆಯವರನ್ನು ಕರೆಸುತ್ತಿದ್ದರು. ನಮ್ಮ ಮನೆಯವರು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಸುತ್ತಲಿನ ಹಳ್ಳಿಗಳೆಲ್ಲ ಅಂಗೈ ಗೆರೆ ಎಂದು ಹೇಳಿಕೊಳ್ಳುವವರು. ಇವರು ಬೆರಳಿಟ್ಟು ಕೇಳುತ್ತಿದ್ದರು, ಅಲ್ಲಿಂದ ಮುಂದೆ ಏನದೆ? ಬಂಡಳ್ಳಿ. ಬಂಡಳ್ಳಿಯಿಂದ ಮುಂದೆ? ಒಂದೆರಡು ಸಣ್ಣ ಊರು. ಅಲ್ಲಿಂದ ಮುಂದೆ? ಅಲ್ಲಿಂದ ಮುಂದೆ ರೋಡಿಲ್ಲ ಎಂದರು ನಮ್ಮ ಮನೆಯವರು. ರೋಡು ಇಲ್ಲ ಸರಿ, ಏನದೆ? ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ಚಿಲ್ಲರೆ ವರ್ಷ ತಿರುಗಿದ್ದರೂ ಜೀಪು ನಿಲ್ಲುತ್ತಿದ್ದ ಜಾಗದಿಂದ ಮುಂದೆ ಏನಿದೆ ಎಂದು ಅವರೂ ನೋಡಿರಲಿಲ್ಲ. ಸೋಮವಾರ ಬೆಳಗ್ಗೆ ಮಹಡಿಯಿಂದ ಇಳಿದು ಬಂದವರು ಕಾಫಿ ಲೋಟ ಹಿಡಿದು ತಾವೇ ಉತ್ತರ ಹೇಳಿದರು: ಅಲ್ಲಿಂದ ಮುಂದೆ ನಲವತ್ತು ಮೇಕೆ ಅವೆ, ಮೇಕೆಯವನು ಒಳ್ಳೆಯವನು, ಮಜ್ಜಿಗೆ ಕೊಟ್ಟ.

ಒಮ್ಮೆ ನಮ್ಮನ್ನೂ ಹೊರಡಿಸಿದರು. ನಮ್ಮ ಕಾರಿಗೆ ಇಪ್ಪತ್ತು ವರ್ಷ. ದಾರಿಯಲ್ಲಿ ಎರಡು ಸಲ ಅದಕ್ಕೆ ನೀರು ಕುಡಿಸಬೇಕು, ನಮ್ಮ ಮನೆಯವರಿಗೆ ನಾಲ್ಕು ಸಲ ಟೀ ಕುಡಿಸಬೇಕು. ಬೇರೆ ದೇಶದಲ್ಲಿ ಒಬ್ಬರೇ ಮರಳುಗಾಡು ದಾಟಿ, ಕಾರಿನಲ್ಲೇ ಮಲಗಿ, ಎದ್ದು ಬೆಟ್ಟ ಹತ್ತಿದ ಹೆಂಗಸು ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ನೀರಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಹಾಗೆ ಕಣ್ಣರಳಿಸಿಕೊಂಡು ಕೂತಿದ್ದರು. ಕೊಳ್ಳೇಗಾಲದಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಐದು ಗಂಟೆ ಹಿಡಿಯಿತು. ಇಷ್ಟು ನಿಧಾನವಾಗಿ ಯಾವ ದೇಶದಲ್ಲೂ ಪ್ರಯಾಣ ಮಾಡಿರಲಿಲ್ಲ, ಎಲ್ಲವೂ ಚೆನ್ನಾಗಿ ಕಾಣಿಸಿತು ಎಂದು ಹೊಗಳಿದರು. ನಮ್ಮ ಮನೆಯವರು ಅದನ್ನು ಇಂದಿಗೂ ಮೆಚ್ಚುಗೆ ಎಂದೇ ತಿಳಿದಿದ್ದಾರೆ.

ದಾರಿಯಲ್ಲಿ ಯಳಂದೂರು ನನ್ನ ತವರು. ಅಲ್ಲಿನ ಬಳೆಮಂಟಪದ ನೆರಳಲ್ಲಿ ಆಡಿ ಬೆಳೆದವಳು ನಾನು. ಆ ಹೆಸರು ಯಾಕೆ ಬಂತೆಂದು ಕೇಳಿದರೆ ಮೇಲೆ ಕಲ್ಲಿನ ಬಳೆಗಳಿವೆಯಂತೆ ಎನ್ನುವಷ್ಟು ಗೊತ್ತಿತ್ತು. ಇವರು ಅಲ್ಲಿಗೆ ಹೋದವರೇ ಕೆಳಗೆ ಅಂಗಾತ ಮಲಗಿಬಿಟ್ಟರು, ಆ ಕಲ್ಲಿನ ಬಳೆಗಳನ್ನು ನೋಡಲು. ಸೀರೆಯುಟ್ಟ ನಾನು ಪಕ್ಕದಲ್ಲಿ ನಿಂತಿದ್ದೇನೆ, ಬಂದು ಹೋಗುವವರು ನೋಡುತ್ತಿದ್ದಾರೆ. ಏಳಿ ಎಂದರೆ ಏಳಲಿಲ್ಲ. ಕಡೆಗೆ ನಾನೂ ಕತ್ತೆತ್ತಿದೆ. ಮಲಗಲಿಲ್ಲ, ಕತ್ತೆತ್ತಿದೆ ಅಷ್ಟೇ. ಒಂದರೊಳಗೊಂದು ಕೋದ ಹಾಗಿದ್ದ ಆ ಬಳೆಗಳನ್ನು ಐವತ್ತು ದಾಟಿದ ಮೇಲೆ ನಾನು ಮೊದಲ ಸಲ ನೋಡಿದ್ದು. ಕಾಫಿಗೆಂದು ಅಣ್ಣನ ಮನೆಗೆ ಹೋದರೆ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನಿಮ್ಮ ಜೊತೆ ಬಂದವರು ತಲೆಸುತ್ತು ಬಂದು ಬಿದ್ದರಂತೆ, ಈಗ ಹೇಗಿದ್ದಾರೆ ಎಂದು ಅತ್ತಿಗೆ ನಿಂಬೆ ಹಣ್ಣು ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಬೆಟ್ಟದಲ್ಲಿ ದಾರಿ ತೋರಿಸಲು ಬಂದವರು ಕಾಡಿನೊಳಗಿನ ಸೋಲಿಗರ ಊರು, ಪೋಡಿನ ಒಬ್ಬ ಹಿರಿಯರು. ಸ್ವಲ್ಪ ದೂರ ಜೊತೆಯಲ್ಲಿ ನಡೆದು ನಿಂತರು. ಇವರ ಬೂಟಿನ ಕಡೆ ನೋಡಿ, ಇಷ್ಟು ಸದ್ದು ಮಾಡಿಕೊಂಡು ಹೋದರೆ ಕಾಡು ನಿಮಗೆ ಏನನ್ನೂ ತೋರಿಸುವುದಿಲ್ಲ ಎಂದರು. ಇವರು ಅಲ್ಲೇ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆದರು. ಮುಳ್ಳು ಚುಚ್ಚಿದಾಗಲೆಲ್ಲ ತಮ್ಮ ಭಾಷೆಯಲ್ಲಿ ಏನೋ ಗೊಣಗುತ್ತಿದ್ದರು. ಅರ್ಥವಾಗದಿದ್ದರೂ ಅದು ಬೈಗುಳ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಇಷ್ಟೆಲ್ಲ ನಡೆಯುವುದನ್ನು ನೋಡಿ ನೋಡಿ ನಮ್ಮತ್ತೆಗೆ ಒಂದು ಸಂಕಟ ಶುರುವಾಯಿತು. ಒಂದು ದಿನ ಕಾಳು ಬಿಡಿಸುತ್ತ ಕೇಳಿದರು, ನಿಮ್ಮೂರಲ್ಲೂ ಹೀಗೆ ಬೆಟ್ಟ ಹತ್ತುತ್ತೀರಲ್ಲ, ಮೇಲೆ ಯಾವ ದೇವರಿದೆ? ದೇವರಿಲ್ಲ ಎಂದರು ಇವರು. ಕಲ್ಲಿನ ಗುಡ್ಡೆ ಇರುತ್ತದೆ, ಹತ್ತಿದವರು ಒಂದೊಂದು ಕಲ್ಲು ಇಟ್ಟು ಇಳಿಯುತ್ತಾರೆ.

“ಅದೇ ದೇವ್ರು ಕಣವ್ವ. ನಿಮಗೆ ಯಾರೂ ಏಳ್ಕೊಟ್ಟಿಲ್ಲ ಅಷ್ಟೇಯ” ಎಂದರು ಅತ್ತೆ.

ಅವರು ಮೇಲೆ ಹೋದ ನಂತರ ಅತ್ತೆ ನನಗೆ ಹೇಳಿದ್ದು ಬೇರೆ. ನಮ್ಮ ಕಡೆ ಯಾರೂ ಸುಮ್ಮನೆ ಅಷ್ಟು ದೂರ ನಡೆಯುವುದಿಲ್ಲ. ಹೊಲಕ್ಕೆ, ಸಂತೆಗೆ, ಇಲ್ಲವೇ ಹರಕೆಗೆ. ಈಯಮ್ಮ ಆ ಮೂರರಲ್ಲಿ ಒಂದೂ ಇಲ್ಲದೆ ವಾರವಾರ ನಡೆಯುತ್ತಾಳೆ. “ನಲ್ಲಿ ತಿರುವ್ಬುಟ್ಟು ನೀರು ಚರಂಡಿಗೆ ಓದಂಗೆ ಓಯ್ತಾ ಅದೆ ಕಣೆ ಆ ನಡ್ಗೆ. ಯಾರ ಬಿಂದಿಗೇನೂ ತುಂಬಲ್ಲ.”

ಅತ್ತೆಯ ಬಿಂದಿಗೆ ಯಾವುದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯವರು ಆರು ವರ್ಷದವರಿದ್ದಾಗ ಜ್ವರ ಬಂದು ಹಲವು ದಿನ ಕಣ್ಣು ಬಿಡಲಿಲ್ಲವಂತೆ. ಮಗ ಕಣ್ಣು ಬಿಟ್ಟರೆ ಮನೆಯಿಂದ ಮಾದಪ್ಪನ ಬೆಟ್ಟದವರೆಗೆ ನಡೆದು ಬಂದು ಧೂಪ ಹಾಕುತ್ತೇನೆ ಎಂದು ಅತ್ತೆ ಹರಸಿಕೊಂಡರು. ಮಗ ಕಣ್ಣು ಬಿಟ್ಟ. ಆ ವರ್ಷ ಅತ್ತೆ ಬಸುರಿ, ಮರುವರ್ಷ ಬಾಣಂತಿ, ಆಮೇಲೆ ರೇಷ್ಮೆಹುಳು ಸಾಕಣೆ, ಆಮೇಲೆ ಮಾವನ ಕಾಯಿಲೆ, ಆಮೇಲೆ ಮಂಡಿನೋವು. ಹೀಗೆ ಐವತ್ತೈದು ವರ್ಷ. ನಡುವೆ ನಾವು ಎಷ್ಟೋ ಸಲ ಬಸ್ಸಿನಲ್ಲಿ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೇವೆ. ದೇವರ ಮುಂದೆ ಅವರು ನನ್ನ ಹಿಂದೆ ಮರೆಯಾಗಿ ನಿಲ್ಲುತ್ತಿದ್ದರು, ಬಸ್ಸಲ್ಲಿ ಬಂದದ್ದು ಮಾದಪ್ಪನಿಗೆ ಕಾಣದಿರಲಿ ಎಂದು. ಹೋಗಲಿ ನಿಮ್ಮ ಬದಲು ನಾನು ನಡೆಯುತ್ತೇನೆ ಎಂದರೆ ನಿನಗೆ ಅಷ್ಟು ದೂರ ಆಗದು ಎನ್ನುತ್ತಿದ್ದರು, ನಿಜ. ಕಣ್ಣು ಬಿಟ್ಟ ಮಗನನ್ನು ಕೇಳಿದರೆ ಅವರು ಮತ್ತೆ ಕಣ್ಣು ಮುಚ್ಚುತ್ತಿದ್ದರು. ಸಾಯುವ ಮೊದಲು ಆ ಮಾತು ತೀರಬೇಕು, ಅತ್ತೆಗೆ ಬೇರೆ ಆಸೆಯೇ ಇರಲಿಲ್ಲ. ತೀರದೆ ಹೋದರೆ ಅಲ್ಲಿ ಹೋಗಿ ಯಾವ ಮುಖ ತೋರಿಸಲಿ ಎಂದು ಒಂದೊಂದು ಸಲ ಊಟ ಬಿಟ್ಟು ಕೂರುತ್ತಿದ್ದರು.

ಡಿಸೆಂಬರಿನಲ್ಲಿ ಮೂರು ದಿನ ರಜೆ ಸಿಕ್ಕಿತು. ಬಾಡಿಗೆಯಮ್ಮ ನಕ್ಷೆ ಹಾಸಿ ಹೇಳಿದರು, ಮನೆಯಿಂದ ಹೊರಟು ಮೊದಲ ದಿನ ಹನೂರು, ಎರಡನೆಯ ದಿನ ಕೌದಳ್ಳಿ, ಮೂರನೆಯ ದಿನ ಮಾದಪ್ಪನ ಬೆಟ್ಟ. ಕಾಲು ನೊಂದರೆ ಕೌದಳ್ಳಿಯಿಂದ ಬಸ್ಸು. ಅತ್ತೆಯ ಮುಖದಲ್ಲಿ ದೀಪ ಹತ್ತಿದ ಹಾಗಾಯಿತು. ಆದರೆ ಬಸ್ಸು ಎಂಬ ಮಾತಿಗೆ ಹುಬ್ಬು ಗಂಟಾಯಿತು.

ಮರುದಿನ ಅವರ ಚೀಲ ಹೊಸಲಿನ ಪಕ್ಕದಲ್ಲಿತ್ತು, ಅವರು ಸ್ನಾನಕ್ಕೆ ಹೋಗಿದ್ದರು. ಅತ್ತೆ ಬಿಳಿ ಬಟ್ಟೆಗೆ ಅರಿಶಿನ ಹಚ್ಚಿ, ಅದರಲ್ಲಿ ಧೂಪ ಕಟ್ಟಿ, ಚೀಲದ ತೀರಾ ತಳಕ್ಕೆ ತುರುಕುತ್ತಿದ್ದುದನ್ನು ನಾನು ನೋಡಿದೆ. ಅವರಿಗೆ ಹೇಳದೆ ಇದೆಂಥ ಕೆಲಸ ಎಂದೆ. ಹೇಳಿದರೆ ಆಕೆ ದೇವರನ್ನು ನಂಬದವಳು, ಒಲ್ಲೆ ಎಂದುಬಿಟ್ಟರೆ? ಅತ್ತೆಯ ಪ್ರಶ್ನೆ ಇದು. ಹೇಗೂ ನಡೆಯುತ್ತಾಳೆ, ಚೀಲ ಹೇಗೂ ಬೆಟ್ಟಕ್ಕೆ ಹೋಗುತ್ತದೆ. ಅಲ್ಲಿ ತಲುಪಿದ ಮೇಲೆ ನೀನು ಫೋನು ಮಾಡಿ ತಳದಲ್ಲಿ ಒಂದು ಗಂಟಿದೆ, ಹಾಕಿ ಬಾ ಎಂದರಾಯಿತು. ಇನ್ನೊಬ್ಬರ ಕಾಲನ್ನು ಕೇಳದೆ ಬಳಸುವುದು ನನಗೆ ಸರಿಯೆನಿಸಲಿಲ್ಲ. ಆದರೆ ಐವತ್ತೈದು ವರ್ಷದ ಆ ಮಾತು ನೆನಪಾಯಿತು. ಚೀಲದ ಜಿಪ್ಪನ್ನು ನಾನೇ ಎಳೆದೆ.

ಅವರು ಬೀದಿ ತಿರುಗುವುದೇ ತಡ, ಅತ್ತೆ ಕೊರಳಿನ ದಾರಕ್ಕೆ ಕಟ್ಟಿಕೊಂಡಿದ್ದ ಮೊಬೈಲನ್ನು ಕೈಗೆ ತೆಗೆದುಕೊಂಡರು. ಮಧುವನಹಳ್ಳಿಯಲ್ಲಿ ತಂಗಿಯ ಮಗಳು, ಹನೂರಿನಲ್ಲಿ ಬಟ್ಟೆ ಅಂಗಡಿಯ ನೆಂಟರು, ಕೌದಳ್ಳಿಯಲ್ಲಿ ಟೀ ಅಂಗಡಿ ಇಟ್ಟಿರುವ ದೂರದ ನಾದಿನಿ. ಎಲ್ಲರಿಗೂ ಒಂದೇ ಮಾತು. “ನಮ್ಮನೆ ನಡ್ಗೆಯಮ್ಮ ನನ್ನ ಅರಕೆ ಒತ್ಕಂಡು ಬತ್ತಾವ್ಳೆ. ಊಟ ಕೊಡಿ, ನೀರು ಕೊಡಿ. ಗಾಡಿ ಅತ್ಸ್‌ಬ್ಯಾಡಿ.”

ಹರಕೆಯ ನಡಿಗೆಯ ಮಾತು ಆ ರಸ್ತೆಯಲ್ಲಿ ಕಿವಿಯಿಂದ ಕಿವಿಗೆ ಹೋಗಲು ಹೊತ್ತು ಬೇಡ. ಮಧುವನಹಳ್ಳಿ ದಾಟುವಷ್ಟರಲ್ಲಿ ಇವರಿಗೆ ಎರಡು ಮನೆಯಲ್ಲಿ ತಿಂಡಿಯಾಗಿತ್ತು. ಹನೂರಿನಲ್ಲಿ ಬಟ್ಟೆ ಅಂಗಡಿಯವರು ಊಟ ಹಾಕಿ, ಮಲಗಲು ಮನೆಯಲ್ಲೇ ಜಾಗ ಕೊಟ್ಟರು. ಸಂಜೆ ಇವರು ನನಗೆ ಫೋನು ಮಾಡಿ, ನಿಮ್ಮ ಜನ ಎಷ್ಟು ಒಳ್ಳೆಯವರು ಅಕ್ಕ, ಎಷ್ಟೋ ದೇಶದಲ್ಲಿ ನಡೆದಿದ್ದೇನೆ, ಹೀಗೆ ಎಲ್ಲೂ ಆಗಿಲ್ಲ ಎಂದರು. ಹೌದು ಒಳ್ಳೆಯವರು ಎಂದೆ.

ಮರುದಿನ ಮಧ್ಯಾಹ್ನ ಮತ್ತೆ ಫೋನು. ದನಿ ಬೇರೆಯಾಗಿತ್ತು. ಕೌದಳ್ಳಿ ಮುಟ್ಟಿಯಾಗಿದೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಇಲ್ಲಿಂದ ಬಸ್ಸಲ್ಲಿ ಹೋಗೋಣವೆಂದರೆ ಕಂಡಕ್ಟರ್ ಹತ್ತಿಸುತ್ತಿಲ್ಲ. “ಬಾಗ್ಲಲ್ಲಿ ಕೈ ಅಡ್ಡ ಇಟ್ಟು, ನೀವು ಅತ್ತಂಗಿಲ್ಲ ಕಣಮ್ಮ ಅಂತಾನೆ. ಯಾಕೆ ಅಕ್ಕ?”

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ನೋಡಿದರು. ಬಸ್ಸು ರಶ್ ಇರಬೇಕು ಎಂದೆ. ಆಯ್ತು ಅಕ್ಕ ಎಂದರು ಅವರು. ಆಮೇಲೆ ಫೋನು ಇಟ್ಟರು.

ಆಮೇಲೆ ನಡೆದದ್ದನ್ನು ಅವರೇ ನನಗೆ ಹೇಳಿದ್ದು. ಟೀ ಅಂಗಡಿಯ ನಾದಿನಿ ಅವರನ್ನು ಬೆಂಚಿನ ಮೇಲೆ ಕೂರಿಸಿ, ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸಿದಳಂತೆ. ಅಷ್ಟು ಮಾಡಿದವಳನ್ನು ಇವರು ಬಸ್ಸಿನ ವಿಷಯ ಕೇಳಿದರು. ಗುಟ್ಟು ಇಟ್ಟುಕೊಳ್ಳಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. “ಅರಕೆ ಒತ್ತೋರು ಬಸ್ಸು ಅತ್ತಾರಾ ಮೇಡಮ್ಮು?” ಎಂದಳು, ಎಲ್ಲ ಕಥೆಯನ್ನೂ ಹೇಳಿದಳು. ಇವರು ಕಾಲನ್ನು ನೀರಿನಲ್ಲಿಟ್ಟುಕೊಂಡೇ ಚೀಲ ಸುರಿದು ನೋಡಿದರು. ತಳದಲ್ಲಿ ಅರಿಶಿನದ ಗಂಟು. ಮೂಗಿನ ಹತ್ತಿರ ಹಿಡಿದು ಮೂಸಿದರು. ಆ ಮಗನಿಗೆ ಆಗ ಎಷ್ಟು ವಯಸ್ಸು ಎಂದು ಕೇಳಿದರು. ಆರು ಎಂದಳು ನಾದಿನಿ. ಇವರು ಗಂಟನ್ನು ಮತ್ತೆ ಬಿಗಿದು ಚೀಲದ ಮೇಲಿನ ಜೇಬಿನಲ್ಲಿ ಇಟ್ಟುಕೊಂಡರಂತೆ. ಅಂದು ಅಲ್ಲೇ ಉಳಿದು, ಬೆಳಗ್ಗೆ ಬೊಬ್ಬೆಗೆ ಬಟ್ಟೆ ಸುತ್ತಿ ಬೂಟು ಹಾಕಿಕೊಂಡು ಎದ್ದಾಗ ಬಸ್ಸು ಬಂದು ನಿಂತಿತ್ತು. ತಾವೇ ಕಂಡಕ್ಟರನಿಗೆ ಕೈ ಅಡ್ಡ ಆಡಿಸಿ, ನಾನು ಹತ್ತಂಗಿಲ್ಲ ಎಂದರಂತೆ.

ಇಲ್ಲಿ ನಮಗೆ ಇದೇನೂ ಗೊತ್ತಿಲ್ಲ. ಅವರು ಫೋನು ಎತ್ತುತ್ತಿಲ್ಲ. ಅತ್ತೆ ಬೆಳಗಿನಿಂದ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು, ಕಾಫಿ ಕೊಟ್ಟರೆ ಹಾಗೇ ಆರಿತು. ಸಂಜೆ ಏಳು ಗಂಟೆಯ ಹೊತ್ತಿಗೆ ನನ್ನ ಫೋನಿಗೆ ಒಂದು ಚಿತ್ರ ಬಂತು. ಕೆಂಡದ ಮೇಲೆ ಧೂಪ, ಹೊಗೆ, ಹೊಗೆಯ ಆಚೆ ಬಿಚ್ಚಿದ ಅರಿಶಿನದ ಬಟ್ಟೆ ಹಿಡಿದ ಅವರ ಬಿಳಿ ಕೈ. ಒಂದು ಅಕ್ಷರವೂ ಬರೆದಿರಲಿಲ್ಲ. ಅತ್ತೆ ಫೋನನ್ನು ಕಣ್ಣಿಗೆ ಒತ್ತಿಕೊಂಡರು. ಅದು ಹೇಗೋ ನಮ್ಮ ಮನೆಯವರ ಅಕ್ಕನಿಗೆ ಕರೆ ಹೋಗಿ, ಆಕೆ ಹಲೋ ಹಲೋ ಎನ್ನುತ್ತಿದ್ದರೆ ಅತ್ತೆ ಉಘೇ ಮಾದಪ್ಪ ಎನ್ನುತ್ತಿದ್ದರು.

ಮರುದಿನ ಬಸ್ಸಲ್ಲಿ ವಾಪಸು ಬಂದರು, ಕುಂಟುತ್ತ. ಬರುವಾಗ ಬಸ್ಸು ಹತ್ತಬಹುದು, ಅದಕ್ಕೆ ದೋಷವಿಲ್ಲ ಎಂದು ಅತ್ತೆ ಮೊದಲೇ ತೀರ್ಪು ಕೊಟ್ಟಿದ್ದರು. ಇವರು ಅತ್ತೆಯ ಮುಂದೆ ನೆಲದ ಮೇಲೆ ಕೂತು, ವಿಭೂತಿ ಪೊಟ್ಟಣ ಕೊಟ್ಟು, “ನಿಮ್ಮ ಸಾಮಾನು ತಲುಪ್ಸಿದ್ದೀನಿ ಅವ್ವ” ಎಂದರು. ಅತ್ತೆ ಅವರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಮುಖದ ಹತ್ತಿರ ಮುಖ ತಂದು ಕೇಳಿದರು.

“ಎಲ್ಲೂ ಗಾಡಿ ಅತ್ತನಿಲ್ಲ ತಾನೇ?”

“ಇಲ್ಲ ಅವ್ವ.”

ಕಣ್ಣು ಕೂಡ ಮಿಟುಕಿಸಲಿಲ್ಲ. ಅತ್ತೆ ವಿಭೂತಿ ಹಚ್ಚಿಕೊಂಡು ಅಂದು ಎರಡು ಮುದ್ದೆ ಉಂಡರು.

ನಾನು ಬಿಸಿನೀರು ತೆಗೆದುಕೊಂಡು ಮಹಡಿಗೆ ಹೋದೆ, ಕ್ಷಮೆ ಕೇಳುವುದಿತ್ತು. ನನಗೆ ಸಿಟ್ಟು ಬಂದದ್ದು ನಿಜ ಎಂದರು, ಅವ್ವನ ಮೇಲಲ್ಲ. “ನಿಮ್ಮ ಮೇಲೆ ಅಕ್ಕ. ಬಸ್ ರಶ್ ಅಂದ್ರಲ್ಲ. ನನ್ನ ಎದ್ರಿಗೇ ನಿಂತಿತ್ತು, ಖಾಲಿ ಇತ್ತು.” ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆ ನೋಡಿ ಅವರಿಗೆ ನಗು ಬಂತು. ಆಮೇಲೆ ನಗು ನಿಲ್ಲಿಸಿ ಬಾಗಿಲು ಮುಂದೆ ಮಾಡಿದರು. ಅವರೂ ಸುಳ್ಳು ಹೇಳಿದ್ದರು.

ಘಟ್ಟದ ಬುಡದ ತಾಳಬೆಟ್ಟ ದಾಟಿದ ಮೇಲೆ ಆನೆಗಳು ರಸ್ತೆಗೆ ಇಳಿದಿದ್ದವಂತೆ, ಮರಿ ಬೇರೆ ಇತ್ತು. ಹಿಂದಿನಿಂದ ಬಂದ ತರಕಾರಿ ಟೆಂಪೋದವನು ನಡೆಯುತ್ತಿದ್ದವರನ್ನೆಲ್ಲ ಎಲೆಕೋಸಿನ ಮೂಟೆಯ ಮೇಲೆ ಹತ್ತಿಸಿಕೊಂಡು, ಅವು ಬದಿಗೆ ಸರಿದ ಮೇಲೆ ದಾಟಿಸಿ, ಮುಂದೆ ಇಳಿಸಿದ. ಇವರು ಹತ್ತುವುದಿಲ್ಲ ಎಂದು ವಾದ ಮಾಡಿದರಂತೆ, ಹರಕೆ ಹರಕೆ ಎಂದರಂತೆ. ಆನೆಗೆ ಕನ್ನಡ ಬರುವುದಿಲ್ಲ ಹತ್ತಮ್ಮ ಎಂದು ಅವನು ರಟ್ಟೆ ಹಿಡಿದು ಎಳೆದುಕೊಂಡ.

ಜೀವ ಉಳಿಸಿಕೊಳ್ಳಲು ಹತ್ತಿದ್ದು, ಮಾದಪ್ಪ ಅದನ್ನು ಹಿಡಿಯುವುದಿಲ್ಲ ಎಂದೆ. ಮಾದಪ್ಪನ ವಿಷಯ ನನಗೆ ಗೊತ್ತಿಲ್ಲ ಎಂದರು. ಅವರ ಲೆಕ್ಕ ಬೇರೆ. ನಡೆದೆ ಎಂದು ಹೇಳಿದ ಮೇಲೆ ಪೂರ್ತಿ ನಡೆದಿರಬೇಕು, ನಡುವೆ ಒಂದು ತುಂಡು ಬಿಟ್ಟುಹೋದರೆ ಅದು ಅವ್ವನ ನಡಿಗೆಯೂ ಅಲ್ಲ, ನನ್ನ ನಡಿಗೆಯೂ ಅಲ್ಲ, ಎಲೆಕೋಸಿನದು. ಹತ್ತಿದ ಜಾಗ, ಇಳಿದ ಜಾಗ ಎರಡನ್ನೂ ನಕ್ಷೆಯಲ್ಲಿ ಗುರುತು ಮಾಡಿಟ್ಟಿದ್ದರು. ನಾಲ್ಕು ಕಿಲೋಮೀಟರು. ಬೊಬ್ಬೆ ಮಾಗಲಿ, ಒಂದು ಭಾನುವಾರ ಹೋಗಿ ಅಷ್ಟನ್ನು ನಡೆದು ಬರುತ್ತೇನೆ, ಅವ್ವನಿಗೆ ಗೊತ್ತಾಗುವುದು ಬೇಡ ಎಂದರು. ನಾಲ್ಕೇ ಅಲ್ಲವೇ, ನಾನೂ ಬರುತ್ತೇನೆ ಎಂದುಬಿಟ್ಟೆ. ಬಾಯಿಂದ ಅದು ಹೇಗೆ ಬಂತೋ.

ಎರಡು ವಾರದ ಮೇಲೆ ಹೊರಟೆವು. ಯಳಂದೂರಿಗೆ, ಅಣ್ಣನ ಮನೆಗೆ ಹೋಗಿಬರುತ್ತೇವೆ ಎಂದು ಅತ್ತೆಗೆ ಹೇಳಿದ್ದಾಯಿತು. ಎಲೆಯಡಿಕೆ ಕುಟ್ಟುತ್ತ, ನೀರು ತಕಂಡೋಗಿ, ಬಿಸಿಲು ಅದೆ ಎಂದರು ಅಷ್ಟೇ. ಯಳಂದೂರಿನ ಬಸ್ಸಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಮೂಲೆ ತಿರುಗಿ, ಬೆಟ್ಟದ ಬಸ್ಸು ಹತ್ತಿದೆವು.

ಗುರುತು ಮಾಡಿದ ಜಾಗದಲ್ಲಿ ಇಳಿಸಿ ಎಂದರೆ ಕಂಡಕ್ಟರ್, ಇಲ್ಲಿ ಯಾರ ಮನೆಯಿದೆ ಎಂದು ಕೇಳಿದ. ನಾನು ಸೀರೆ, ಹವಾಯಿ ಚಪ್ಪಲಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಅವರು ಬೂಟು, ಕೋಲು. ಒಂದು ತಿರುವಿಗೇ ನನಗೆ ಏದುಸಿರು ಬಂತು. ಹೋಗುವ ವಾಹನಗಳೆಲ್ಲ ನಿಧಾನ ಮಾಡಿ ಹತ್ತುತ್ತೀರಾ ಎಂದು ಕೇಳುತ್ತಿದ್ದವು, ನಾವು ಬೇಡ ಬೇಡ ಎಂದು ಕೈಯಾಡಿಸುತ್ತ ಹೋದೆವು. ಅವರು ನನ್ನ ವೇಗಕ್ಕೆ ತಮ್ಮ ಹೆಜ್ಜೆ ಇಳಿಸಿಕೊಂಡು, ಒಮ್ಮೆಯೂ ಬೇಗ ಬನ್ನಿ ಎನ್ನದೆ, ಪಕ್ಕದಲ್ಲೇ ನಡೆದರು. ಬಿದಿರಿನ ಮೆಳೆಯ ಕೆಳಗೆ ಕೂತು ಚಿತ್ರಾನ್ನ ತಿಂದೆವು. ಕೊನೆಯ ತಿರುವು ಬಂದಾಗ ನಕ್ಷೆ ತೆಗೆದು ನೋಡಿ, ರಸ್ತೆಯ ಅಂಚಿನ ಒಂದು ಕಲ್ಲನ್ನು ಕೋಲಿನಿಂದ ತಟ್ಟಿ, ಮುಗೀತು ಅಕ್ಕ ಎಂದರು. ಅಂದು ನಮ್ಮಿಬ್ಬರ ಮುಖದ ಗೆಲುವನ್ನು ಯಾರಾದರೂ ನೋಡಬೇಕಿತ್ತು. ಆದರೆ ಯಾರಿಗೂ ಹೇಳುವಂತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ಯಳಂದೂರಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದರು. ಚೆನ್ನಾಗಿದ್ದಾರೆ ಎಂದೆ. ಕಾಫಿ ಕೊಟ್ಟರಾ ಎಂದರು. ಕೊಟ್ಟರು ಎಂದೆ. ನನ್ನ ಚಪ್ಪಲಿಯನ್ನು ನೋಡಿದರು, ಅವರ ಬೂಟನ್ನು ನೋಡಿದರು, ಆಮೇಲೆ ಬಾಡಿಗೆಯಮ್ಮನನ್ನು ಕೇಳಿದರು.

“ಎಷ್ಟು ದೂರ ನಡುದ್ರವ್ವ?”

ಅವರಿಗೆ ದಣಿವೋ, ಗೆಲುವಿನ ಮೈಮರೆವೋ. “ನಾಕು ಕಿಲೋಮೀಟ್ರು ಅವ್ವ” ಎಂದುಬಿಟ್ಟರು.

ಅತ್ತೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು.

“ನಾಕೇಯಾ? ಆ ಟೆಂಪೋದೋನು ದಿನಾ ಕೌದಳ್ಳೀಲೇ ಟೀ ಕುಡಿಯಾದು. ಐದು ಅಂತ ಏಳವ್ನೆ ನಮ್ಮ ನಾದಿನಿಗೆ.”

ಬಾಡಿಗೆಯಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು, ಕಾಫಿಗೆ ನೀರಿಡಲು ಒಳಗೆ ಹೋದರು.

ಮುಂದಿನ ಭಾನುವಾರ ನಾವಿಬ್ಬರೂ ಮತ್ತೆ ಯಳಂದೂರಿಗೆ ಹೋದೆವು.